ಪಾಯದಲ್ಲಿ ಸಿಕ್ಕ ತೋಪಿನ ಗುಂಡು: ಸಿಡಿಯುವುದೇ, ಉಜ್ಜಬಹುದೇ, ಮಾರಬಹುದೇ?

ಪ್ರಶ್ನೆ: ವಿಜಯಪುರದ ಮನಗೂಳಿ ಅಗಸಿಯ ಹೊರಗೆ, ಕೋಟೆಗೋಡೆಯಿಂದ ಸುಮಾರು ಅರ್ಧ ಕಿಲೋಮೀಟರ್ ದೂರದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಪಾಯ ಅಗೆಯುವಾಗ ನಾಲ್ಕೂವರೆ ಅಡಿ ಆಳದಲ್ಲಿ, ಒಂದೇ ಮೂಲೆಯಲ್ಲಿ ಒಂದು ಕಬ್ಬಿಣದ ಗುಂಡು, ಎರಡು ಕಲ್ಲಿನ ಗುಂಡುಗಳು ಸಿಕ್ಕವು. ದರ್ಜಿಯ ಟೇಪಿನಲ್ಲಿ ಅಳೆದರೆ ಕಬ್ಬಿಣದ ಗುಂಡಿನ ಸುತ್ತಳತೆ 46 ಸೆಂ.ಮೀ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 11 ಕಿಲೋ 800 ಗ್ರಾಂ ತೂಗಿತು. ಕಲ್ಲಿನವು ಇನ್ನೂ ದೊಡ್ಡವು, ತಲಾ 16 ಕಿಲೋ ಆಸುಪಾಸು. ಇದು ಬಾಂಬು, ಬಿಸಿಲಿಗಿಟ್ಟರೆ ಸಿಡಿಯುತ್ತದೆ ಎಂದು ಗೌಂಡಿಗಳು ಕೆಲಸ ನಿಲ್ಲಿಸಿದ್ದಾರೆ. ನಮ್ಮ ಕಾಕಾ ಇದು ನಮ್ಮೂರ ಕೋಟೆಯ ಬುರುಜಿನ ಮೇಲಿರುವ ದೊಡ್ಡ ತೋಪು ಮಲಿಕ್-ಎ-ಮೈದಾನ್‌ನ ಗುಂಡೇ ಎನ್ನುತ್ತಾರೆ. ಆ ತೋಪು ಹಾರಿಸಿದವನು ಕಿವುಡಾಗದಿರಲು ನೀರಿನ ತೊಟ್ಟಿಗೆ ಜಿಗಿಯುತ್ತಿದ್ದ ಎಂದೂ ಹೇಳುತ್ತಾರೆ. ಅಳಿಯ ಗ್ರೈಂಡರ್ ಹಿಡಿದು ತುಕ್ಕು ತೆಗೆಯುತ್ತೇನೆ ಎನ್ನುತ್ತಾನೆ. ಸೊಲ್ಲಾಪುರದ ಕಡೆಯವನೊಬ್ಬ ಇದರಲ್ಲಿ ಇರಿಡಿಯಂ ಇದೆ, ಲಕ್ಷಗಟ್ಟಲೆ ಕೊಡುತ್ತೇನೆ ಎಂದು ಫೋನ್ ಮಾಡುತ್ತಿದ್ದಾನೆ. ಅವ್ವ ಕಬ್ಬಿಣದ ಗುಂಡಿಗೆ ಕುಂಕುಮ ಹಚ್ಚಿ ದೇವರ ಮನೆಯಲ್ಲಿಟ್ಟಿದ್ದಾರೆ. ಸರ್ಕಾರಕ್ಕೆ ತಿಳಿಸಿದರೆ ಜಾಗವೇ ಹೋಗುತ್ತದೆ ಎಂಬ ಹೆದರಿಕೆಯೂ ಇದೆ. ಏನು ಮಾಡಲಿ?

ಉತ್ತರ: ಹಳೆಯ ಲೋಹದ ವಸ್ತುಗಳ ಸಂರಕ್ಷಣೆ ನನ್ನ ಕಸುಬು. ಇಂಥ ಪ್ರಶ್ನೆಗಳ ಜೊತೆ ಸಾಮಾನ್ಯವಾಗಿ ಹತ್ತಾರು ಫೋಟೊಗಳು ಬರುತ್ತವೆ, ಅಳತೆ ಬರುವುದಿಲ್ಲ. ನೀವು ಟೇಪು ಹಿಡಿದಿರಿ, ತೂಕ ಹಾಕಿಸಿದಿರಿ. ನಿಮ್ಮ ಆತಂಕದ ಅರ್ಧ ಭಾಗವನ್ನು ಆ ಎರಡು ಅಂಕಿಗಳೇ ಇಳಿಸುತ್ತವೆ.

ಸಿಡಿಯುವ ಭಯವನ್ನು ಮೊದಲು ನೋಡೋಣ. ತೋಪಿನ ಗುಂಡುಗಳಲ್ಲಿ ಎರಡು ಜಾತಿ. ಗಟ್ಟಿ ಗುಂಡು ಬರೀ ಕಬ್ಬಿಣದ ಮುದ್ದೆ. ಬಿಸಿಲಿಗಿಟ್ಟರೂ ಒಲೆಗಿಟ್ಟರೂ ಅದರಲ್ಲಿ ಸಿಡಿಯಲು ಏನೂ ಇಲ್ಲ. ಗೋಡೆ ಒಡೆಯುವುದು, ಸಾಲಾಗಿ ನಿಂತ ಸೈನಿಕರ ಕಾಲು ಮುರಿಯುವುದು ಅದರ ಕೆಲಸ. ಟೊಳ್ಳು ಗುಂಡಿನ ಹೊಟ್ಟೆಯಲ್ಲಿ ಮದ್ದು ಇರುತ್ತದೆ, ಬತ್ತಿಗೆ ಒಂದು ತೂತು ಇರುತ್ತದೆ. ಅಪಾಯ ಇರುವುದು ಇದರಲ್ಲಿ.

ನಿಮ್ಮದರ ಸುತ್ತಳತೆ 46 ಸೆಂ.ಮೀ. ಎಂದರೆ ವ್ಯಾಸ 14.6 ಸೆಂ.ಮೀ. ಆ ಗಾತ್ರದ ಗಟ್ಟಿ ಗುಂಡು ಎರಕದ್ದಾದರೆ ಹನ್ನೊಂದೂವರೆ ಕಿಲೋ ಮೇಲೆ ತೂಗಬೇಕು, ಕಮ್ಮಾರರು ಬಡಿದು ಮಾಡಿದ್ದಾದರೆ ಹನ್ನೆರಡೂವರೆ. ಅದೇ ಗಾತ್ರದ ಟೊಳ್ಳು ಗುಂಡು, ಗೋಡೆಯ ದಪ್ಪ ವ್ಯಾಸದ ಆರನೇ ಒಂದು ಪಾಲು ಎಂದಿಟ್ಟುಕೊಂಡರೆ, ಮದ್ದು ಸೇರಿಸಿಯೂ ಒಂಬತ್ತು ಕಿಲೋ ಆಸುಪಾಸಿನಲ್ಲೇ ನಿಲ್ಲುತ್ತದೆ. ನಿಮ್ಮದು 11.8. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ. ಗಾತ್ರ ಹೆಚ್ಚಿ, ಗಾತ್ರಕ್ಕೆ ತಕ್ಕ ತೂಕ ಕಡಿಮೆಯಾಗುತ್ತದೆ. ಹಾಗಾಗಿ ಗಟ್ಟಿ ಗುಂಡು ಟೊಳ್ಳಿನಂತೆ ತೂಗುವುದುಂಟು, ಟೊಳ್ಳು ಗುಂಡು ಗಟ್ಟಿಯಂತೆ ತೂಗುವುದು ಅಪರೂಪ. ನಿಮ್ಮದು ಗಟ್ಟಿ ಗುಂಡು ಎಂದೇ ನನ್ನ ಅಂದಾಜು.

ಅಪರೂಪ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ಹೆನ್ರಿ ಶ್ರಾಪ್ನೆಲ್ ಎಂಬ ಬ್ರಿಟಿಷ್ ತೋಪುಪಡೆಯ ಅಧಿಕಾರಿ 1784ರ ಹೊತ್ತಿಗೆ ಟೊಳ್ಳು ಗುಂಡಿನೊಳಗೆ ಮದ್ದಿನ ಜೊತೆ ಸೀಸದ ಗೋಲಿಗಳನ್ನೂ ತುಂಬುವ ಉಪಾಯ ಕಂಡುಹಿಡಿದ. 1803ರಲ್ಲಿ ಬ್ರಿಟಿಷ್ ಸೈನ್ಯ ಅದನ್ನು ಒಪ್ಪಿಕೊಂಡಿತು. ಸೀಸ ಕಬ್ಬಿಣಕ್ಕಿಂತ ಭಾರವಾದ್ದರಿಂದ ಈ ಗುಂಡು ತಕ್ಕಡಿಯಲ್ಲಿ ಗಟ್ಟಿ ಗುಂಡಿನ ಹತ್ತಿರ ಬಂದು ನಿಲ್ಲುತ್ತದೆ. ಔರಂಗಜೇಬ ವಿಜಯಪುರಕ್ಕೆ ಹಾಕಿದ ದೊಡ್ಡ ಮುತ್ತಿಗೆ ಇದಕ್ಕಿಂತ ನೂರು ವರ್ಷ ಹಿಂದಿನದು, ಆದ್ದರಿಂದ ನಿಮ್ಮಲ್ಲಿ ಇದರ ಸಾಧ್ಯತೆ ತೀರ ಕಡಿಮೆ. 1818ರಲ್ಲಿ ಥಾಮಸ್ ಮನ್ರೋನ ಬ್ರಿಟಿಷ್ ಸೈನ್ಯ ಹಿಡಿದ ಬಾದಾಮಿ, ಬೆಳಗಾವಿ ಕೋಟೆಗಳ ಸುತ್ತ ಸಿಕ್ಕಿದ್ದಾದರೆ ತೂಕವೊಂದನ್ನೇ ನಂಬಿ ಎಂದು ನಾನು ಹೇಳುತ್ತಿರಲಿಲ್ಲ.

ಹಾಗಾಗಿ ತೂಕದ ಜೊತೆ ಇನ್ನೊಂದು ಪರೀಕ್ಷೆ ಬೇಕು: ಬತ್ತಿಯ ತೂತು. ಗುಂಡನ್ನು ಅಲುಗಾಡಿಸದೆ, ಸುತ್ತ ಟಾರ್ಚ್ ಬಿಟ್ಟು, ರೂಪಾಯಿ ನಾಣ್ಯದಷ್ಟು ಅಗಲದ ದುಂಡನೆಯ ಕುಳಿ, ಮುಚ್ಚಳ ಅಥವಾ ಮರದ ಬಿರಡೆಯ ಗುರುತು ಇದೆಯೇ ನೋಡಿ. ಕಂಡರೆ ಮುಂದೆ ಮುಟ್ಟಬೇಡಿ. ಮನೆಯವರನ್ನು ದೂರ ಕಳುಹಿಸಿ 112ಕ್ಕೆ ಕರೆ ಮಾಡಿ. ಬಾಂಬ್ ನಿಷ್ಕ್ರಿಯ ದಳ ಬರುತ್ತದೆ. ಕಾಣದಿದ್ದರೆ ತುಕ್ಕಿನಡಿ ಮುಚ್ಚಿಹೋಗಿರಬಹುದು ಎಂಬ ಸಣ್ಣ ಅನುಮಾನ ಉಳಿಯುತ್ತದೆ. ಅದನ್ನು ಎಕ್ಸ್‌ರೇ ಪರಿಹರಿಸಬೇಕೇ ಹೊರತು ಸುತ್ತಿಗೆಯಲ್ಲ.

ಅಳಿಯನ ಗ್ರೈಂಡರಿಗೆ ಈಗಲೇ ಕೊಕ್ಕೆ ಹಾಕಿ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಬ್ಬ ಅನುಭವಿ ಸಂಗ್ರಾಹಕ ಅಲ್ಲಿನ ಅಂತರ್ಯುದ್ಧ ಕಾಲದ ಗುಂಡೊಂದನ್ನು ಮನೆಯ ಮುಂದೆ ಶುಚಿಗೊಳಿಸುತ್ತಿದ್ದಾಗ ಅದು ಸಿಡಿದು ಸತ್ತ. ಆ ಹಿಂದೆ ಅಂಥ ಎಷ್ಟೋ ಗುಂಡುಗಳನ್ನು ನಿಷ್ಕ್ರಿಯಗೊಳಿಸಿದ್ದವನು ಅವನು. ಅವನ ಕೈಯಲ್ಲಿದ್ದದ್ದು ಹಡಗಿನ ತೋಪಿನ ಗುಂಡು. ಸಮುದ್ರದಲ್ಲಿ ಬಳಸುವ ಗುಂಡುಗಳಿಗೆ ನೀರು ಇಳಿಯದಂತೆ ಬಿಗಿಯಾಗಿ ಬಿರಡೆ ಹಾಕುತ್ತಿದ್ದರು, ಅದರಿಂದಾಗಿ ನೂರ ನಲವತ್ತು ವರ್ಷ ಕಳೆದರೂ ಒಳಗಿನ ಮದ್ದು ಒಣಗಿಯೇ ಇತ್ತು. ಕರಿಮದ್ದು ಕೆಟ್ಟುಹೋಗುವ ವಸ್ತುವಲ್ಲ. ನೆನೆದದ್ದು ಒಣಗಿದರೆ ಮತ್ತೆ ಹೊತ್ತಿಕೊಳ್ಳುತ್ತದೆ, ಗ್ರೈಂಡರಿನ ಒಂದು ಕಿಡಿ ಸಾಕು.

ಇನ್ನು ನಿಮ್ಮ ಕಾಕಾ ಅವರ ಮಾತು. ಮಲಿಕ್-ಎ-ಮೈದಾನ್ ತೋಪಿನ ಬಾಯಿಯ ಒಳವ್ಯಾಸ ಸುಮಾರು 70 ಸೆಂ.ಮೀ. ನಿಮ್ಮ ಗುಂಡನ್ನು ಅದರೊಳಗೆ ಹಾಕಿದರೆ ಉರುಳಾಡುತ್ತದೆ ಅಷ್ಟೆ. ಅದಕ್ಕೆ ಸರಿಹೊಂದುವ ಕರಿಕಲ್ಲಿನ ಗುಂಡು ಕಡೆದರೆ ಅರ್ಧ ಟನ್ ತೂಗುತ್ತದೆ, ಕಬ್ಬಿಣದ್ದಾದರೆ ಒಂದೂಕಾಲು ಟನ್. ವಾಸ್ತವದಲ್ಲಿ ಆ ತೋಪಿನ ಹೆಸರಿಗೆ ಅಂಟಿಕೊಂಡ ಅತಿ ಪ್ರಸಿದ್ಧ ಹೊಡೆತದಲ್ಲಿ ಗುಂಡೇ ಇರಲಿಲ್ಲ. 1565ರ ಜನವರಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ ಅಹ್ಮದ್‌ನಗರದ ತೋಪುಪಡೆ ನಳಿಗೆಗಳಿಗೆ ತಾಮ್ರದ ನಾಣ್ಯಗಳ ಚೀಲ ತುಂಬಿ, ವಿಜಯನಗರದ ಸೈನ್ಯ ತೀರ ಹತ್ತಿರ ಬಂದಾಗ ಹಾರಿಸಿತು ಎಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಮಲಿಕ್-ಎ-ಮೈದಾನ್ ಆ ಸಾಲಿನಲ್ಲಿತ್ತು ಎಂಬುದು ಬಹಳ ಹಳೆಯ ಪ್ರತೀತಿ. ದೂರದ ಗೋಡೆಗೆ ಗುಂಡು ಬೇಕು. ಕೂಗಳತೆಯ ದೂರದಲ್ಲಿರುವ ಜನರಿಗೆ ಚಿಲ್ಲರೆಯೇ ಸಾಕಾಯಿತು.

ಈ ತೋಪಿನ ನಿಜವಾದ ಚರಿತ್ರೆ ಕಟ್ಟುಕಥೆಗಿಂತ ಸ್ವಾರಸ್ಯವಾದದ್ದು. ಅದು ವಿಜಯಪುರದ್ದೇ ಅಲ್ಲ. 1549ರಲ್ಲಿ ಅಹ್ಮದ್‌ನಗರದಲ್ಲಿ, ಬುರ್ಹಾನ್ ನಿಜಾಮ್ ಶಾಹನಿಗಾಗಿ, ಮಹಮ್ಮದ್ ರೂಮಿ ಎಂಬ ತುರ್ಕ ಅದನ್ನು ಎರಕ ಹೊಯ್ದ. ಸುಮಾರು 55 ಟನ್ ತೂಕ. ಲೋಹದಲ್ಲಿ ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ಇದು ಗಂಟೆ ಎರಕ ಹೊಯ್ಯುವ ಪ್ರಮಾಣ. ಸಾಮಾನ್ಯ ಕಂಚಿನ ತೋಪಿನಲ್ಲಿ ತವರ ಹತ್ತನೇ ಒಂದು ಪಾಲಿನಷ್ಟೇ ಇರುತ್ತದೆ. ಬಡಿದರೆ ಗಂಟೆಯಂತೆ ಮೊಳಗುವುದಕ್ಕೆ ಕಾರಣ ಮಂತ್ರವಲ್ಲ, ಈ ತವರ. ಮುಂದೆ ಪರಾಂಡಾ ಕೋಟೆಯಲ್ಲಿದ್ದ ತೋಪನ್ನು 1632ರಲ್ಲಿ ಆದಿಲ್ ಶಾಹಿ ಸೇನಾನಿ ಮುರಾರಿ ಪಂಡಿತ ವಿಜಯಪುರಕ್ಕೆ ಸಾಗಿಸಿದ. ಹತ್ತು ಆನೆ, ನಾನೂರು ಎತ್ತು, ನೂರಾರು ಆಳು ಬೇಕಾಯಿತು ಎನ್ನುತ್ತಾರೆ. ಅದು ಕುಳಿತಿರುವ ಶೇರ್ಜಾ ಬುರುಜು ಕಟ್ಟಿದ್ದು 1671ರಲ್ಲಿ. 1854ರಲ್ಲಿ ಬ್ರಿಟಿಷರು ಇದನ್ನು ಗುಜರಿ ಎಂದು ಹರಾಜಿಗೆ ಹಾಕಿದಾಗ ಬಂದ ಬೆಲೆ ನೂರೈವತ್ತು ರೂಪಾಯಿ! ಯಾವನೋ ಅಧಿಕಾರಿಗೆ ಬುದ್ಧಿ ಬಂದು ಮಾರಾಟ ರದ್ದಾಯಿತು. ಆ ಒಂದು ಸಹಿ ಬೀಳದಿದ್ದರೆ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ.

ತೊಟ್ಟಿಗೆ ಜಿಗಿಯುವ ಕಥೆ ಇಲ್ಲಿ ಮಾತ್ರ ಅಲ್ಲ, ಜೈಪುರದ ಜೈಗಡ ಕೋಟೆಯ ಜೈವಾಣ ತೋಪಿಗೂ ಅದೇ ಕಥೆಯನ್ನು ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ತೋಪಿನಿಂದ ಮೂರು ಮೀಟರ್ ದೂರ ನಿಂತ ಗೋಲಂದಾಜನ ಕಿವಿಗೆ ಸದ್ದು ಮುಟ್ಟಲು ಸೆಕೆಂಡಿನ ನೂರನೇ ಒಂದು ಭಾಗ ಸಾಕು; ಹಾರಿಸಿದ ಮೇಲೆ ಜಿಗಿದರೆ ನೀರಿಗೆ ಬೀಳುವುದು ಕಿವುಡನೇ. ನಿಧಾನವಾಗಿ ಉರಿಯುವ ಮದ್ದಿನ ಸಾಲಿಗೆ ಕಿಚ್ಚಿಟ್ಟು, ಸಿಡಿಯುವ ಮೊದಲೇ ದೂರ ಸರಿಯುವುದು ಸಾಧ್ಯವಿತ್ತು. ಹಾಗೆ ಸರಿಯುವವನಿಗೆ ತೊಟ್ಟಿಗಿಂತ ಗೋಡೆಯ ಮರೆ ಒಳ್ಳೆಯದು. ತೋಪಿನ ಪಕ್ಕ ನೀರು ಬೇಕಾಗುತ್ತಿದ್ದುದು ಬೇರೆ ಕೆಲಸಕ್ಕೆ. ಒಂದು ಸಲ ಹಾರಿಸಿದ ನಳಿಗೆಯೊಳಗೆ ಕೆಂಡದ ಚೂರು ಉಳಿದಿರುತ್ತದೆ. ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ಒಳಗನ್ನು ಒರೆಸದೆ ಮುಂದಿನ ಮದ್ದು ಸುರಿದರೆ, ಸುರಿಯುವವನ ಕೈಯಲ್ಲೇ ಅದು ಹೊತ್ತಿಕೊಳ್ಳುತ್ತದೆ. ಹಡಗುಗಳಲ್ಲೂ ಇದೇ ನಿಯಮ, ಪ್ರತಿ ತೋಪಿನ ಬಳಿ ಒಂದು ನೀರಿನ ಬಕೆಟ್ ಇರಲೇಬೇಕಿತ್ತು. ಕಾಕಾ ಅವರಿಗೆ ಇದನ್ನು ಸಮಾಧಾನದಿಂದ ಹೇಳಿ. ಕಥೆ ಬಿಡಬೇಕಾಗಿಲ್ಲ, ಗುಂಡಿನ ದಾಖಲೆಯಲ್ಲಿ ಅದನ್ನು ಬರೆಸದಿದ್ದರೆ ಆಯಿತು.

ನಿಮ್ಮ ಮೂರು ಗುಂಡುಗಳಲ್ಲಿ ನನಗೆ ಹೆಚ್ಚು ಆಸಕ್ತಿ ಕಲ್ಲಿನವುಗಳ ಮೇಲೆ. ಅವುಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನಮ್ಮ ಕಡೆ ದುಂಡಗಿನ ಕಲ್ಲು ಕಂಡರೆ ಮೊದಲು ಎರಡು ಅನುಮಾನ ಬರಬೇಕು. ಒಂದು ರುಬ್ಬುಗುಂಡು. ಅದು ಉದ್ದುದ್ದ ಇದ್ದು, ಒಂದು ತುದಿ ಸವೆದು ನುಣುಪಾಗಿರುತ್ತದೆ. ಇನ್ನೊಂದು ಗರಡಿಮನೆಯ ಎತ್ತುವ ಗುಂಡು. ಪೈಲ್ವಾನರು 16 ಕಿಲೋ ಎತ್ತಿ ಮೀಸೆ ತಿರುವುವುದಿಲ್ಲ. ಅವು ಇದರ ಹಲವು ಪಟ್ಟು ಭಾರ. ಎರಡೂ ಕಲ್ಲುಗಳು ಸುಮಾರು ಒಂದೇ ತೂಕ, ಮೈತುಂಬ ಚಾಣದ ಗುರುತು ಸಮನಾಗಿದೆ ಎಂದಾದರೆ ಅವು ಒಂದೇ ತೋಪಿಗೆಂದು ಕಡೆದವು. 16 ಕಿಲೋ ತೂಕದ ಕರಿಕಲ್ಲಿಗೆ ವ್ಯಾಸ 22 ಸೆಂ.ಮೀ. ಬರಬೇಕು. ಟೇಪು ಹಿಡಿದು ನೋಡಿ, ಸುತ್ತಳತೆ 69 ಸೆಂ.ಮೀ. ಆಸುಪಾಸು ಇರುತ್ತದೆ.

ಕಲ್ಲಿನ ಗುಂಡೆಂದರೆ ಕಬ್ಬಿಣ ಸಿಗದವರ ಬಡತನ ಎಂದು ತಿಳಿಯುವವರಿದ್ದಾರೆ. ಅಗಲ ಬಾಯಿಯ ತೋಪಿಗೆ ಹಗುರವಾದ ಕಲ್ಲೇ ಕ್ಷೇಮ. ಮದ್ದು ಕಡಿಮೆ ಸಾಕು, ನಳಿಗೆ ಸೀಳುವ ಭಯವೂ ಕಡಿಮೆ. 1807ರಲ್ಲಿ ಬ್ರಿಟಿಷ್ ಅಡ್ಮಿರಲ್ ಡಕ್‌ವರ್ತ್‌ನ ಹಡಗುಗಳು ಡಾರ್ಡನೆಲ್ಸ್ ಜಲಸಂಧಿಯಿಂದ ಹಿಂದಿರುಗುವಾಗ ತುರ್ಕರು ದಡದಲ್ಲಿದ್ದ ಪುರಾತನ ಕಂಚಿನ ತೋಪುಗಳಿಂದ ಕಲ್ಲಿನ ಗುಂಡುಗಳನ್ನೇ ಹಾರಿಸಿದರು. ಕೆಲವು ಗುಂಡುಗಳ ತೂಕ ಮುನ್ನೂರು ಕಿಲೋ ದಾಟುತ್ತಿತ್ತು. ಆಗಿನ ಕಾಲಕ್ಕೆ ಜಗತ್ತಿನಲ್ಲೇ ಬಲಿಷ್ಠವಾದ ನೌಕಾಪಡೆಯ ಹಡಗುಗಳು ಸೀಳಿದವು, ನಾವಿಕರು ಸತ್ತರು. ಅಂಥ ತೋಪುಗಳಲ್ಲಿ ಒಂದು, 1464ರಲ್ಲಿ ಎರಕ ಹೊಯ್ದದ್ದು, ತಿರುಪಿನಿಂದ ಎರಡು ತುಂಡಾಗಿ ಬಿಚ್ಚಬಹುದಾದದ್ದು, 1866ರಲ್ಲಿ ಸುಲ್ತಾನನ ಉಡುಗೊರೆಯಾಗಿ ಇಂಗ್ಲೆಂಡಿಗೆ ಹೋಗಿ ಈಗಲೂ ಅಲ್ಲಿದೆ. ನಮ್ಮ ಮಲಿಕ್-ಎ-ಮೈದಾನ್ ಮಾಡಿದ ರೂಮಿ ಅದೇ ತುರ್ಕ ಎರಕದ ಪರಂಪರೆಯವನು.

ಕಬ್ಬಿಣದ ಗುಂಡು ತೋಪಿನದ್ದೇ ಎಂದು ಖಚಿತ ಮಾಡಲು ಒಂದು ಸಂಶಯ ನಿವಾರಿಸಬೇಕು. ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಗಳಂಥ ಕಡೆ ಗಿರಣಿಯೊಳಗೆ ಹಾಕಿ ಅರೆಯುವ ಉಕ್ಕಿನ ಗುಂಡುಗಳಿರುತ್ತವೆ. ಗುಜರಿಯವರ ಕೈಗೆ ಸಿಕ್ಕಿದ ಮೇಲೆ ಅವು ಶಿವಾಜಿಯ ಗುಂಡು, ಟಿಪ್ಪುವಿನ ಗುಂಡು ಎಂಬ ಹೆಸರಿನಲ್ಲಿ ಊರೂರು ತಿರುಗುತ್ತವೆ. ಹಾಗೆಯೇ ಶಾಲೆಯ ಶಾಟ್‌ಪುಟ್ ಗುಂಡು: ಗಂಡಸರದ್ದು 7.26 ಕಿಲೋ, ಹೆಂಗಸರದ್ದು 4 ಕಿಲೋ. ನಿಮ್ಮದು ಈ ಎರಡೂ ತೂಕಕ್ಕೆ ಬರುವುದಿಲ್ಲ, ಗಿರಣಿ ಗುಂಡುಗಳು ಸಾಮಾನ್ಯವಾಗಿ 10 ಸೆಂ.ಮೀ. ದಾಟುವುದಿಲ್ಲ, ನಾಲ್ಕೂವರೆ ಅಡಿ ಆಳದಲ್ಲಿ ಕಲ್ಲಿನ ಗುಂಡುಗಳ ಜೊತೆ ಮಲಗಿರುವುದೂ ಇಲ್ಲ. ಮೈಮೇಲೆ ಸಣ್ಣ ಸಣ್ಣ ಚಪ್ಪಟೆ ಮುಖಗಳಿದ್ದರೆ ಕಮ್ಮಾರರು ಬಡಿದು ಮಾಡಿದ್ದು. ನಡುವೆ ಒಂದು ಗೆರೆ ಸುತ್ತು ಹೊಡೆದಿದ್ದರೆ ಎರಡು ಭಾಗದ ಅಚ್ಚಿನಲ್ಲಿ ಎರಕ ಹೊಯ್ದದ್ದು.

ಅಷ್ಟಕ್ಕೂ ನನ್ನ ದೃಷ್ಟಿಯಲ್ಲಿ ಈ ಗುಂಡುಗಳಿಗಿಂತ ಅವು ಸಿಕ್ಕ ಮೂಲೆ ದೊಡ್ಡ ಸಂಗತಿ. ಹಾರಿ ಬಂದ ಗುಂಡುಗಳು ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ, ರಭಸಕ್ಕೆ ಕಲ್ಲಿನವು ಸಾಮಾನ್ಯವಾಗಿ ಒಡೆಯುತ್ತವೆ. ನಿಮ್ಮವು ಮೂರೂ ಒಂದೇ ಕಡೆ, ಒಡೆಯದೆ ಇದ್ದವು. ಎಂದರೆ ಯಾರೋ ತಂದಿಟ್ಟದ್ದು ಅಥವಾ ಬಿಟ್ಟುಹೋದದ್ದು. ಔರಂಗಜೇಬನ ಸೈನ್ಯ 1685ರ ಏಪ್ರಿಲ್‌ನಿಂದ 1686ರ ಸೆಪ್ಟೆಂಬರ್‌ವರೆಗೆ ಈ ಊರನ್ನು ಮುತ್ತಿತ್ತು. ಇಲ್ಲಿನ ಸುಲ್ತಾನ ಸಿಕಂದರ್ ಆದಿಲ್ ಶಾಹ ಶರಣಾದ ಮೇಲೆ ಮನಗೂಳಿ ಅಗಸಿಗೆ ಫತೇ ದರ್ವಾಜೆ ಎಂದು ಹೊಸ ಹೆಸರು ಬಿತ್ತು. ಆ ದಿಕ್ಕಿನಲ್ಲಿ ಮೊಗಲರ ತೋಪಿನ ನೆಲೆಯೊಂದರ ದಾಸ್ತಾನು ನಿಮ್ಮ ನಿವೇಶನದಲ್ಲಿ ಇದ್ದಿರಬಹುದು. ನಾನು ಇದನ್ನು ಊಹೆ ಎಂದೇ ಹೇಳುತ್ತಿದ್ದೇನೆ. ಊಹೆ ನಿಲ್ಲುವುದೋ ಬೀಳುವುದೋ ಆ ಮೂಲೆಯ ಮಣ್ಣು ನೋಡಿದವರಿಗೆ ಗೊತ್ತಾಗುತ್ತದೆ. ಆದ್ದರಿಂದ ಗುಂಡುಗಳು ಸಿಕ್ಕ ಜಾಗಕ್ಕೆ ಗೂಟ ಹೊಡೆಯಿರಿ. ಆಳ, ಪಕ್ಕದ ಮಣ್ಣಿನ ಬಣ್ಣ, ಬೂದಿ, ಇದ್ದಿಲು, ಮಡಕೆ ಚೂರು ಇದ್ದರೆ ಅದನ್ನೂ ಇವತ್ತೇ ಬರೆದಿಡಿ. ಗೌಂಡಿಗಳ ನೆನಪು ವಾರ ಕಳೆದರೆ ಉಳಿಯುವುದಿಲ್ಲ.

ತುಕ್ಕಿನ ವಿಷಯ. ಮುನ್ನೂರು ವರ್ಷ ಮಣ್ಣಿನಲ್ಲಿದ್ದ ಕಬ್ಬಿಣ ಉಪ್ಪಿನಂಶ ಹೀರಿಕೊಂಡಿರುತ್ತದೆ. ಮಣ್ಣಿನೊಳಗೆ ಗಾಳಿ ಕಡಿಮೆ ಇದ್ದುದರಿಂದ ಅದು ಹೇಗೋ ಸುಮ್ಮನಿತ್ತು. ಹೊರಗೆ ಬಂದು ಗಾಳಿ, ತೇವ ತಾಕಿದ ಮೇಲೆ ಒಳಗಿನ ಕ್ಲೋರೈಡ್ ಕೆಲಸ ಶುರು ಮಾಡುತ್ತದೆ; ಮೈಮೇಲೆ ಕಿತ್ತಳೆ ಬಣ್ಣದ ಹನಿಗಳು ಮೂಡುತ್ತವೆ, ಆಮೇಲೆ ಚಿರೋಟಿಯಂತೆ ಪದರು ಬಿಚ್ಚಿಕೊಳ್ಳುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆಯ ಕಬ್ಬಿಣದ ಗುಂಡುಗಳು ದಶಕಗಳ ಆರೈಕೆಯ ನಂತರವೂ ತಜ್ಞರಿಗೆ ಇದೇ ಕಾಟ ಕೊಡುತ್ತಿವೆ. ಆಸಿಡ್, ನಿಂಬೆಹಣ್ಣು, ಹುಣಸೆಹುಳಿ, ವೈರ್ ಬ್ರಷ್ ಯಾವುದೂ ಬೇಡ. ಪೇಂಟ್ ಬಳಿದರೆ ಉಪ್ಪು ಒಳಗೇ ಉಳಿದು ಕೊರೆಯುತ್ತದೆ. ಬತ್ತಿಯ ತೂತು ಇಲ್ಲವೆಂದು ಖಾತ್ರಿಯಾದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಸಡಿಲ ಮಣ್ಣು ಕೊಡವಿ, ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಚೀಲಗಳ ಜೊತೆ ಇಡಿ. ಸದ್ಯಕ್ಕೆ ಅಷ್ಟು ಸಾಕು.

ಸೊಲ್ಲಾಪುರದವನ ಫೋನ್ ಎತ್ತಬೇಡಿ. ತೋಪಿನ ಗುಂಡಿನಲ್ಲಿ ಇರಿಡಿಯಂ ಇರುವುದಿಲ್ಲ. ಅಕ್ಕಿಕಾಳು ಎಳೆಯುವ ಲೋಹ, ರೈಸ್ ಪುಲ್ಲರ್ ಎಂದು ಹಳೆಯ ತಂಬಿಗೆ ತೋರಿಸಿ ಮೋಸ ಮಾಡುವವರ ಮಾತಿದು. ಮೊದಲು ಲಕ್ಷ ಕೊಡುತ್ತೇನೆ ಎನ್ನುತ್ತಾರೆ, ನಂತರ ಪರೀಕ್ಷೆಯ ಖರ್ಚೆಂದು ನಿಮ್ಮಿಂದಲೇ ಸಾವಿರಗಟ್ಟಲೆ ಕೀಳುತ್ತಾರೆ. ಅವನು ನಿಜವಾಗಿ ಹಳೆಯ ವಸ್ತು ಕೊಳ್ಳುವವನೇ ಆಗಿದ್ದರೂ ನೂರು ವರ್ಷ ದಾಟಿದ ವಸ್ತುವಿನ ವ್ಯಾಪಾರಕ್ಕೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಬೇಕು. ಇಲ್ಲದಿದ್ದರೆ ತೊಂದರೆ ಅವನಿಗಷ್ಟೇ ಅಲ್ಲ, ನಿಮಗೂ.

ಇನ್ನು ಉಳಿದ ದಾರಿಗಳು. ಮಣ್ಣಿನಲ್ಲೇ ಮತ್ತೆ ಹೂತುಬಿಡಿ ಎನ್ನುವವರು ಸಿಗುತ್ತಾರೆ. ಆಗ ಗುಂಡು ಹಾಳಾಗುತ್ತದೆ, ಆ ಮೂಲೆಯ ಚರಿತ್ರೆ ಕಾಂಕ್ರೀಟಿನಡಿ ಸೇರುತ್ತದೆ, ಮತ್ತು ಕೆಲಸಗಾರರ ಮೂಲಕ ಸುದ್ದಿ ಹೇಗೂ ಹೊರಬರುತ್ತದೆ. ನೀವು ಮುಚ್ಚಿಟ್ಟಿರಿ ಎಂಬ ಮಾತೂ ಸೇರಿಕೊಳ್ಳುತ್ತದೆ. ಮನೆಯಲ್ಲೇ ಇಟ್ಟುಕೊಂಡರೆ ಅಪಾಯ ಕಾನೂನಿನದ್ದು, ನೆಲದಡಿ ಸಿಕ್ಕ ಬೆಲೆಯುಳ್ಳ ವಸ್ತುವನ್ನು ತಿಳಿಸಬೇಕೆಂಬ ನಿಧಿ ಕಾನೂನು ಇದೆ. ನಾನು ಹೇಳುವ ದಾರಿ ಇದು: ಜಿಲ್ಲಾಧಿಕಾರಿ ಕಚೇರಿಗೆ ಒಂದು ಲಿಖಿತ ಅರ್ಜಿ, ಅದರ ಪ್ರತಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ. ಎರಡಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ದಿನಾಂಕ, ಸ್ಥಳ, ಆಳ, ಅಳತೆ, ತೂಕ ಇರಲಿ. ಮಲಿಕ್-ಎ-ಮೈದಾನ್ ಹೆಸರು ಬೇಡ. ಗುಂಡುಗಳನ್ನು ಒಪ್ಪಿಸುವುದಾದರೆ ಗೋಳಗುಮ್ಮಟದ ಎದುರಿನ ನಗಾರಖಾನೆಯ ಮ್ಯೂಸಿಯಂನಲ್ಲಿ ನಿಮ್ಮೂರಿನಲ್ಲೇ ಉಳಿಸಲು ಸಾಧ್ಯವೇ ಎಂದು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಜಾಗ ಹೋಗುತ್ತದೆಯೇ ಎಂಬುದಕ್ಕೂ ಗುಂಡು ಸಿಕ್ಕಿತೆಂಬುದಕ್ಕೂ ನೀವು ಭಾವಿಸಿದಂತಹ ನೇರ ಸಂಬಂಧವಿಲ್ಲ. ಕಟ್ಟಡಕ್ಕೆ ಅಡ್ಡಿ ಬರುವುದು ದೂರದ ಲೆಕ್ಕದಲ್ಲಿ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ಅನುಮತಿ ಬೇಕಾದ ಪ್ರದೇಶ. ಅರ್ಧ ಕಿಲೋಮೀಟರ್ ಎಂದರೆ ನೀವು ಗೋಡೆಯ ಲೆಕ್ಕದಿಂದ ಹೊರಗಿದ್ದೀರಿ. ಆದರೆ ನಿಮ್ಮ ಊರಿನಲ್ಲಿ ಮಸೀದಿ, ಗುಮ್ಮಟ, ಬಾವಡಿ ಎಂದು ಸಂರಕ್ಷಿತ ಸ್ಮಾರಕಗಳು ಗಲ್ಲಿ ಗಲ್ಲಿಗೂ ಇವೆ. ಹತ್ತಿರದ ಪ್ರತಿಯೊಂದರಿಂದಲೂ ಅಳೆಸಿಕೊಳ್ಳಿ. ಅಧಿಕಾರಿಗಳು ಸ್ಥಳ ನೋಡಲು ಬರುವವರೆಗೆ ಆ ಮೂಲೆಯ ಕೆಲಸ ಕೆಲವು ದಿನ ನಿಲ್ಲಬಹುದು, ಆ ನಷ್ಟ ನಿಮ್ಮದೇ. ಅದನ್ನು ನಾನು ಮುಚ್ಚಿಡುವುದಿಲ್ಲ. ಉಳಿದ ಮೂರು ಮೂಲೆಗಳಲ್ಲಿ ಗೌಂಡಿಗಳು ಕೆಲಸ ಮುಂದುವರಿಸಲಿ. ಇನ್ನೊಂದು ಗುಂಡು ಸಿಕ್ಕರೆ ಹಾರೆಯಿಂದ ಮೀಟದೆ, ಇದ್ದಲ್ಲೇ ಬಿಟ್ಟು ನಿಮ್ಮನ್ನು ಕರೆಯಲು ಹೇಳಿ.

ಅವ್ವ ಅವರ ಪೂಜೆಗೆ ನನ್ನ ತಕರಾರಿಲ್ಲ. ನೀರು, ಹಾಲು, ಎಣ್ಣೆ ಹಾಕದಿರಲಿ, ದೀಪವನ್ನು ಹತ್ತಿರ ಹಚ್ಚದಿರಲಿ. ಬತ್ತಿಯ ತೂತು ಕಣ್ಣಿಗೆ ಕಾಣದಿದ್ದರೂ, ಇಲ್ಲವೆಂದು ಖಾತ್ರಿಯಾಗುವವರೆಗೆ ಗುಂಡು ದೇವರ ಮನೆಯಲ್ಲಿ ಬೇಡ. ಹಿತ್ತಲಿನ ನೆರಳಿನಲ್ಲಿ, ಮರಳು ತುಂಬಿದ ಬುಟ್ಟಿಯ ಮೇಲೆ, ಮಕ್ಕಳ ಕೈಗೆ ಸಿಗದಂತೆ ಇರಲಿ.